ಹುಳುವಿಗೆ ಮನೆ ಬಿಟ್ಟುಕೊಟ್ಟವರು ಸೊಸೆಗೆ ಒಂದು ಮೂಲೆ ಕೊಡಲಿ

ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡಲು ಜಾಗ ಹೇಗೆ ಮಾಡಿಕೊಳ್ಳಬೇಕು ಅಂತ ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ಬೆಳ್ಳಗಿನ ಗೋಡೆ, ದೊಡ್ಡ ಕಿಟಕಿ, ಕುಂಡದಲ್ಲಿ ಒಂದು ಗಿಡ, ಇಪ್ಪತ್ತು ಸಾವಿರದ ಕುರ್ಚಿ. 'ಕಡಿಮೆ ಬಜೆಟ್' ಅಂತ ಹೆಸರಿಟ್ಟ ವಿಡಿಯೊದಲ್ಲೂ ಮೇಜಿಗೇ ಹತ್ತು ಸಾವಿರ ಹೋಗಿರುತ್ತದೆ. ಅದನ್ನು ನೋಡಿದ ನಮ್ಮೂರುಗಳ ಹುಡುಗ ಹುಡುಗಿಯರು ಎರಡರಲ್ಲಿ ಒಂದು ಮಾಡುತ್ತಾರೆ. ಕಂತಿನ ಮೇಲೆ ಕುರ್ಚಿ ತರಿಸುತ್ತಾರೆ. ಇಲ್ಲವೇ ಇದೆಲ್ಲ ನಮಗಲ್ಲ ಅಂತ ಮಂಚದ ಮೇಲೆ ದಿಂಬಿಗೆ ಒರಗಿ, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನಕ್ಕೆ ಎಂಟು ಗಂಟೆ ದುಡಿಯುತ್ತಾರೆ. ಆರು ತಿಂಗಳಾಗುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಂಡಿರುತ್ತದೆ.

ಎರಡೂ ಬೇಡ ಅನ್ನುವುದು ನಮ್ಮ ಮಾತು. ಆರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಹಳ್ಳಿ ಮನೆಯಲ್ಲಿ ಮೈಗೆ ನೋವಾಗದ ಹಾಗೆ ಕೂತು ಕೆಲಸ ಮಾಡಬಹುದು. ಆ ಲೆಕ್ಕ ಮುಂದೆ ಹೇಳುತ್ತೇವೆ. ಆದರೆ ಅದಕ್ಕಿಂತ ಮೊದಲು ಬೇಕಾದ ಒಂದು ವಸ್ತು ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಮನೆಯವರೇ ಕೊಡಬೇಕು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬ್ಯಾಗು ಹೊತ್ತುಕೊಂಡು ಊರಿಗೆ ಬಂದವರಲ್ಲಿ ಹೆಚ್ಚಿನವರು ವಾಪಸ್ ಹೋದರು. ಕೆಲವರು ಇಲ್ಲೇ ಉಳಿದರು. ಅವರ ಜೊತೆಗೆ ಊರು ಬಿಟ್ಟು ಹೋಗದೆಯೇ ಕೆಲಸ ಹಿಡಿದವರೂ ಈಗ ಇದ್ದಾರೆ. ಜಿಎಸ್‌ಟಿ ರಿಟರ್ನ್ ತುಂಬುವವರು, ಡೇಟಾ ಎಂಟ್ರಿಯವರು, ಆನ್‌ಲೈನ್ ಟ್ಯೂಷನ್ ಹೇಳುವವರು, ಮದುವೆ ವಿಡಿಯೊ ಎಡಿಟ್ ಮಾಡುವವರು, ಫೋನಿನಲ್ಲೇ ಗ್ರಾಹಕರಿಗೆ ಉತ್ತರ ಕೊಡುವವರು, ಸುದ್ದಿ ಬರೆಯುವ ನಮ್ಮಂಥವರು. ಇವರಲ್ಲಿ ಎಷ್ಟು ಜನಕ್ಕೆ ಮನೆಯಲ್ಲಿ 'ಇದು ನಿನ್ನ ಕೆಲಸದ ಜಾಗ' ಅಂತ ಒಂದು ಮೂಲೆ ಇದೆ? ನಾವು ಮಾತಾಡಿಸಿದವರಲ್ಲಿ ಹುಡುಗರಿಗೆ ಹೆಚ್ಚುಕಡಿಮೆ ಇತ್ತು. ಹೆಣ್ಣುಮಕ್ಕಳಿಗೆ ಹೆಚ್ಚುಕಡಿಮೆ ಇರಲಿಲ್ಲ.

ಹಾಗಂತ ಮನೆಯಲ್ಲಿ ಕೂತು ಮಾಡುವ ಕೆಲಸ ಊರಿಗೆ ಹೊಸದೇನಲ್ಲ. ಇಳಕಲ್ಲು, ಗುಳೇದಗುಡ್ಡದ ಹಳೆಯ ನೇಕಾರರ ಮನೆಗೆ ಹೋದರೆ ಮುಂದಿನ ಕೋಣೆಯಲ್ಲೇ ಮಗ್ಗ ಕಾಣುತ್ತದೆ. ನೆಲದಲ್ಲಿ ಗುಂಡಿ ತೋಡಿ, ನೇಯುವವರ ಕಾಲು ತುಳಿಯುವ ಹಲಗೆಗೆ ಸರಿಯಾಗಿ ಸಿಗುವ ಹಾಗೆ, ಕೈ ಲಾಳಿಯ ಹಗ್ಗಕ್ಕೆ ಎಟುಕುವ ಹಾಗೆ ಕೂರಿಸಿದ ಮಗ್ಗ. ಶಾನುಭೋಗರ ಪಡಸಾಲೆಯಲ್ಲಿ ಇಳಿಜಾರು ಮುಚ್ಚಳದ ಬರೆಯುವ ಪೆಟ್ಟಿಗೆ ಇರುತ್ತಿತ್ತು. 1961ರ ಕಾಯ್ದೆ ಬಂದು ಆ ವಂಶಪಾರಂಪರ್ಯದ ಹುದ್ದೆ ರದ್ದಾಗುವವರೆಗೆ ಊರಿನ ಕಂದಾಯದ ಲೆಕ್ಕವೆಲ್ಲ ಆ ಪೆಟ್ಟಿಗೆಯ ಮೇಲೇ ನಡೆಯಿತು. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಹೆಂಗಸರು ಜಗಲಿಯಲ್ಲಿ ಬೆಳಕು ಬೀಳುವ ಕಡೆ ನೋಡಿ, ಮೊರ ತೊಡೆ ಮೇಲಿಟ್ಟುಕೊಂಡು ಕೂರುತ್ತಾರೆ.

ಇನ್ನು ರಾಮನಗರ, ಕೋಲಾರದ ಕಡೆ ರೇಷ್ಮೆ ಮಾಡುವವರ ಕಥೆ ಕೇಳಬೇಕು. ಹುಳು ಸಾಕಲು ಬೇರೆ ಮನೆ ಕಟ್ಟಿಸುವ ಮೊದಲು ಹುಳುವೂ ಜನವೂ ಒಂದೇ ಸೂರಿನಡಿ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ದಪ್ಪವಾಗಿ ತಟ್ಟೆಗಳು ನಡುಮನೆ ತುಂಬಿಕೊಂಡರೆ, ಮನೆಮಂದಿಯೆಲ್ಲ ಚಾಪೆ ಎತ್ತಿಕೊಂಡು ಜಗಲಿಗೆ ಬರುತ್ತಿದ್ದರು. ಹುಳುವಿಗೆ ಗಾಳಿ ಬೇಕು, ಹೊಗೆ ಆಗಬಾರದು, ಗಲೀಜು ತಾಗಬಾರದು ಅಂತ ಒಗ್ಗರಣೆ ಹಾಕುವುದಕ್ಕೂ ಯೋಚನೆ ಮಾಡುತ್ತಿದ್ದರು. ಯಾಕೆಂದರೆ ಅದು ದುಡ್ಡು ತರುವ ಕೆಲಸ ಅಂತ ಮನೆಯ ಮಗುವಿಗೂ ಗೊತ್ತಿತ್ತು.

ಪರದೆ ಮುಂದೆ ಕೂತು ಮಾಡುವ ಕೆಲಸಕ್ಕೆ ನಮ್ಮ ಮನೆಗಳಲ್ಲಿ ಆ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಗದಗಿನ ಕಡೆಯ ಒಬ್ಬ ಹೆಣ್ಣುಮಗಳು ನಮಗೆ ಪರಿಚಯ. ಬಿ.ಕಾಂ. ಮಾಡಿದ್ದಾಳೆ. ಧ್ವನಿ ಕೇಳಿಸಿಕೊಂಡು ಕನ್ನಡದಲ್ಲಿ ಟೈಪ್ ಮಾಡಿ ಕಳಿಸುವ ಕೆಲಸ. ಅಡುಗೆಮನೆಯ ಬಾಗಿಲ ಪಕ್ಕ, ನೆಲದ ಮೇಲೆ, ಬೆನ್ನಿಗೆ ಅಕ್ಕಿ ಚೀಲ ಕೊಟ್ಟುಕೊಂಡು ಕೂರುತ್ತಿದ್ದಳು. ಹಗಲು ಕೂತರೆ ಯಾರಾದರೂ ಕರೆಯುತ್ತಲೇ ಇರುತ್ತಾರೆ. "ಮುಂಜಾನಿಂದ ಕುಂತಾಕಿ ಎದ್ದಿಲ್ಲ ನೋಡವ್ವ, ಅದೇನ್ ಕೆಲಸೋ ಏನೋ" ಅಂತ ಅತ್ತೆ ಪಕ್ಕದ ಮನೆಯವರ ಹತ್ತಿರ ಹೇಳುವುದು ಇಯರ್‌ಫೋನ್ ಒಳಗಿನಿಂದಲೂ ಕೇಳುತ್ತಿತ್ತಂತೆ. ಹಾಗಾಗಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಹನ್ನೊಂದರಿಂದ ಎರಡರವರೆಗೆ ಟೈಪ್ ಮಾಡುವುದು, ಐದಕ್ಕೆ ಎದ್ದು ಮತ್ತೆ ಕಸ, ನೀರು, ರೊಟ್ಟಿ. ಎರಡು ಸಲ ಫೈಲು ತಡವಾಯಿತು. ಮೂರನೇ ಸಲ ಕಳಿಸುವವರು ಕೆಲಸವನ್ನೇ ಕಳಿಸಲಿಲ್ಲ.

ಅದೇ ಮನೆಯಲ್ಲಿ ಮೈದುನನಿಗೆ ಬೇರೆ ಕೋಣೆ ಇತ್ತು. ಮೇಜು, ಕುರ್ಚಿ, ಫ್ಯಾನು, ಬಾಗಿಲಿಗೆ ಚಿಲಕ. ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆ, ಅವನಿಗೆ ತೊಂದರೆ ಕೊಡಬಾರದು. ಅವನು ಓದುವುದಕ್ಕೆ ನಮ್ಮ ತಕರಾರಿಲ್ಲ, ಓದಲಿ, ಪಾಸಾಗಲಿ. ಆದರೆ ಮುಂದೊಂದು ದಿನ ಬರಬಹುದಾದ ಸಂಬಳಕ್ಕೆ ಕೋಣೆ, ಈ ತಿಂಗಳು ಬರುತ್ತಿರುವ ಸಂಬಳಕ್ಕೆ ಅಕ್ಕಿ ಚೀಲ. ಇದು ಯಾವ ಲೆಕ್ಕ?

ಅತ್ತೆಯನ್ನು ಬೈಯುವುದು ಸುಲಭ, ನಾವು ಬೈಯುವುದಿಲ್ಲ. ಕೆಲಸ ಅಂದರೆ ಕೈಕಾಲು ಆಡಬೇಕು, ಬೆವರು ಬರಬೇಕು, ಸಂಜೆಗೆ ಏನಾದರೂ ರಾಶಿ ಬೀಳಬೇಕು ಅಂತ ನೋಡಿ ಬೆಳೆದವರು ಅವರು. ಪರದೆ ಮೇಲೆ ರಾಶಿ ಕಾಣುವುದಿಲ್ಲ. ಅದಕ್ಕೇ ಮನೆಯಿಂದ ಕೆಲಸ ಮಾಡುವವರಿಗೆ ನಾವು ಹೇಳುವುದು, ಒಂದು ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನು ಮಾಡುತ್ತೀರಿ ಅಂತ ತೋರಿಸಿ. ಒಂದು ಗಂಟೆಯ ಧ್ವನಿಗೆ ಎಷ್ಟು ರೂಪಾಯಿ, ಒಂದು ರಿಟರ್ನಿಗೆ ಎಷ್ಟು ಅಂತ ಬಿಡಿಸಿ ಹೇಳಿ. ಹತ್ತಿಯ ತೂಕ, ಹಾಲಿನ ಡಿಗ್ರಿ ಅರ್ಥವಾಗುವವರಿಗೆ ಇದು ಅರ್ಥವಾಗದೆ ಇರುವುದಿಲ್ಲ. ಆ ಮನೆಯಲ್ಲೂ ಕೊನೆಗೆ ಆದದ್ದು ಅದೇ. ಈಗ ಮೈದುನ ನಸುಕಿನಲ್ಲಿ ನಾಲ್ಕರಿಂದ ಒಂಬತ್ತರವರೆಗೆ ಆ ಕೋಣೆಯಲ್ಲಿ ಓದಿ, ಆಮೇಲೆ ಗ್ರಂಥಾಲಯಕ್ಕೆ ಹೋಗುತ್ತಾನೆ. ಹತ್ತರಿಂದ ಐದರವರೆಗೆ ಕೋಣೆ ಆಕೆಯದು. ಕೋಣೆ ಒಂದೇ, ಪಾಳಿ ಎರಡು. ಖರ್ಚು ಸೊನ್ನೆ. ಕೆಲಸ ಮತ್ತೆ ಸಿಗಲು ಮಾತ್ರ ಎರಡು ತಿಂಗಳು ಹಿಡಿಯಿತು.

ನಮ್ಮದು ಒಂದಂಕಣದ ಮನೆ, ಕೋಣೆ ಎಲ್ಲಿಂದ ತರೋಣ ಅಂತ ಕೇಳುವವರು ಇದ್ದೀರಿ. ಕೋಣೆ ಬೇಡ, ಮೂರಡಿ ಗೋಡೆ ಸಾಕು. ಯಾವ ಗೋಡೆ ಅನ್ನುವುದನ್ನು ಮಾತ್ರ ಯೋಚಿಸಿ. ಮೊದಲು ಫೋನ್ ಹಿಡಿದುಕೊಂಡು ಮನೆಯೆಲ್ಲ ಓಡಾಡಿ, ನೆಟ್‌ವರ್ಕ್ ಎಲ್ಲಿ ನಿಲ್ಲುತ್ತದೆ ನೋಡಿ. ಮಲೆನಾಡಿನ ಮಕ್ಕಳು ಲಾಕ್‌ಡೌನಿನಲ್ಲಿ ಗುಡ್ಡ ಹತ್ತಿ ಪಾಠ ಕೇಳಿದ್ದು ನೆನಪಿದೆಯಲ್ಲ, ಸಿಗ್ನಲ್ ಇಲ್ಲದ ಕಡೆ ಎಂಥ ಮೇಜು ಹಾಕಿದರೂ ದಂಡ. ಆಮೇಲೆ ಕಿಟಕಿ. ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಬರಬೇಕು. ಬೆನ್ನ ಹಿಂದೆ ಬಂದರೆ ಪರದೆಯಲ್ಲಿ ಬೆಳಕು ಹೊಳೆಯುತ್ತದೆ, ಮುಂದೆ ಬಂದರೆ ಕಣ್ಣು ಕುಕ್ಕುತ್ತದೆ. ಜಗಲಿ ತಂಪು, ಆದರೆ ದಾರಿಯಲ್ಲಿ ಹೋಗುವವರೆಲ್ಲ 'ಏನ್ರೀ ಆರಾಮಾ' ಅಂತ ಕೂತುಬಿಡುತ್ತಾರೆ. ಕಾಳು ಕಡಿ ಇಡುವ ಕೋಣೆ ನಿಶ್ಶಬ್ದ, ಆದರೆ ಇಲಿ ವೈರು ಕಡಿಯುತ್ತದೆ. ಅಲ್ಲೇ ಕೂರುವುದಾದರೆ ಸಂಜೆ ಚಾರ್ಜರು, ಕೇಬಲ್ಲು ಎಲ್ಲ ಬಿಚ್ಚಿ ಡಬ್ಬಿಗೆ ಹಾಕಿ. ಶೀಟಿನ ಮನೆಯಾದರೆ ಏಪ್ರಿಲ್ ಮಧ್ಯಾಹ್ನ ಮನುಷ್ಯರೂ ಕೂರಲಾಗದು, ಲ್ಯಾಪ್‌ಟಾಪೂ ಬಿಸಿಯಾಗಿ ನಿಧಾನವಾಗುತ್ತದೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಇಲ್ಲವೇ ದಪ್ಪಗೆ ಸುಣ್ಣ ಬಳಿಸಿ. ವ್ಯತ್ಯಾಸ ಅದೇ ದಿನ ಗೊತ್ತಾಗುತ್ತದೆ.

ಈಗ ಮೈಯ ಲೆಕ್ಕ. ದುಡ್ಡು ಹೋಗಬೇಕಾದದ್ದು ಇದಕ್ಕೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಟೇಪು ತಗೊಳ್ಳಿ. ಕುರ್ಚಿಯಲ್ಲಿ ಕೂತು ಪಾದ ಪೂರ್ತಿ ನೆಲಕ್ಕೆ ಊರಿ, ಭುಜ ಸಡಿಲ ಬಿಟ್ಟು ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗೆ ಎಷ್ಟು ಇಂಚು ಬರುತ್ತದೋ ಕೀಲಿಮಣೆ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಇರಬೇಕು. ಅಂಗಡಿಯ ಮೇಜುಗಳು 29-30 ಇಂಚು ಇರುತ್ತವೆ. ಐದಡಿ ಎರಡಿಂಚಿನ ಹೆಣ್ಣುಮಗಳಿಗೆ 25-26 ಇಂಚು ಸಾಕು. ನಾಲ್ಕಿಂಚು ಹೆಚ್ಚಾದರೆ ದಿನವಿಡೀ ಭುಜ ಎತ್ತಿಕೊಂಡೇ ಟೈಪ್ ಮಾಡಬೇಕು, ಸಂಜೆಗೆ ಕತ್ತು ಕಲ್ಲಾಗುತ್ತದೆ. ಅದಕ್ಕೇ ಅಂಗಡಿ ಮೇಜಿಗಿಂತ ಊರಿನ ಬಡಗಿಯೇ ಮೇಲು. ನಿಮ್ಮ ಅಳತೆ ಹೇಳಿ, ಅವರು ಅಷ್ಟಕ್ಕೇ ಕಾಲು ಕೊಯ್ದು ಕೊಡುತ್ತಾರೆ. ಮಗ್ಗದ ಗುಂಡಿ ತೋಡಿದ ಹಾಗೆಯೇ ಇದು.

ಹಲಗೆಗೆ ಹೊಸ ಮರವೇ ಬೇಕಿಲ್ಲ. ಹಳೆ ಮನೆ ಕೆಡವಿದಾಗ ಉಳಿದ ಬಾಗಿಲು ಹಿತ್ತಲಲ್ಲಿ ಬಿದ್ದಿರುತ್ತದೆ, ಒಂದು ಕೈ ರಂದಾ ಹೊಡೆಸಿದರೆ ಆಯಿತು. ಕೆಟ್ಟುನಿಂತ ಹೊಲಿಗೆ ಯಂತ್ರದ ಕಬ್ಬಿಣದ ಸ್ಟ್ಯಾಂಡು ಇದ್ದರೆ ತುಳಿಯುವ ಹಲಗೆ ಬಿಚ್ಚಿಸಿ, ಎತ್ತರ ಒಮ್ಮೆ ಅಳೆದು, ಮೇಲೆ ಪ್ಲೈವುಡ್ ಹಾಕಿಸಬಹುದು. ಜಾಗ ಕಡಿಮೆ ಅಂತ ಗೋಡೆಗೆ ಬ್ರಾಕೆಟ್ ಹೊಡೆದು ಹಲಗೆ ಕೂರಿಸುವವರು ಗೋಡೆ ಯಾವುದು ನೋಡಿಕೊಳ್ಳಿ. ಇಟ್ಟಿಗೆ, ಕಲ್ಲಿನ ಗೋಡೆಗೆ ಸರಿ. ಮಣ್ಣಿನ ಗೋಡೆಗೆ ಮೊಳೆ ನಿಲ್ಲುವುದಿಲ್ಲ, ಲ್ಯಾಪ್‌ಟಾಪ್ ಸಮೇತ ಕೆಳಗೆ ಬರುತ್ತದೆ.

ಲ್ಯಾಪ್‌ಟಾಪಿನದು ಒಂದು ಹುಟ್ಟು ದೋಷ. ಕೀಲಿಮಣೆಯೂ ಪರದೆಯೂ ಅಂಟಿಕೊಂಡಿವೆ. ಕೈಗೆ ಸರಿಯಾದರೆ ಕಣ್ಣಿಗೆ ತಗ್ಗು, ಕಣ್ಣಿಗೆ ಸರಿಯಾದರೆ ಕೈಗೆ ಎತ್ತರ. ಏಳುನೂರು ರೂಪಾಯಿಯ ಆಸುಪಾಸಿನಲ್ಲಿ ವೈರಿನ ಕೀಲಿಮಣೆ, ಮೌಸ್ ಎರಡೂ ಬರುತ್ತವೆ. ಅದನ್ನು ತಗೊಂಡು, ಲ್ಯಾಪ್‌ಟಾಪನ್ನು ಊಟದ ಮಣೆಯ ಮೇಲೆ ಇಡಿ. ಒಂದು ಮಣೆ ಸಾಲದಿದ್ದರೆ ಎರಡು. ಪರದೆಯ ಮೇಲಂಚು ಕಣ್ಣಿನ ನೇರಕ್ಕೆ, ಒಂದು ತೋಳಿನಷ್ಟು ದೂರದಲ್ಲಿ ಬರಬೇಕು. ಇನ್ನೊಂದು ಮಣೆ ಕಾಲಡಿಗೆ, ಪಾದ ನೆಲಕ್ಕೆ ಸಿಗದವರಿಗೆ. ಸಾವಿರಾರು ರೂಪಾಯಿಯ ಸ್ಟ್ಯಾಂಡು ಮಾಡುವ ಕೆಲಸವನ್ನು ನಮ್ಮ ಅಜ್ಜಿಯ ಮಣೆ ಮಾಡುತ್ತದೆ. ಹಬ್ಬದ ದಿನ ಮಾತ್ರ ವಾಪಸ್ ಕೊಡಬೇಕು.

ಕುರ್ಚಿಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರಿನಂಥ ಕಡೆ ಹಳೆ ಆಫೀಸು ಸಾಮಾನು ಮಾರುವ ಅಂಗಡಿಗಳಿವೆ. ಎತ್ತರ ಏರಿಸಿ ಇಳಿಸುವ ಕುರ್ಚಿ ಎರಡು ಸಾವಿರದ ಹತ್ತಿರ ಸಿಗುತ್ತದೆ. ಕೂತು ನೋಡಿ, ಐದು ನಿಮಿಷ ಕೂತೇ ಇರಿ. ತಾನಾಗಿ ಕೆಳಗಿಳಿದರೆ ಆ ಕುರ್ಚಿ ಬೇಡ. ದುಡ್ಡಿಲ್ಲದಿದ್ದರೆ ಮನೆಯ ಪ್ಲಾಸ್ಟಿಕ್ ಕುರ್ಚಿಯೇ ನಡೆಯುತ್ತದೆ. ಸೊಂಟದ ಹಿಂದೆ ಟವೆಲ್ ಸುತ್ತಿ ಇಡಿ, ಕೆಳಗೆ ಕಂಬಳಿ ಮಡಚಿ ಹಾಕಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದೇ ರೂಢಿ ಅನ್ನುವವರು ಗಂಟೆ ಎರಡು ಗಂಟೆ ಹಾಗೇ ಕೂರಿ, ತಪ್ಪಿಲ್ಲ. ಆದರೆ ಶಾನುಭೋಗರ ಹಾಗೆ ಮುಂದೊಂದು ಪೆಟ್ಟಿಗೆ ಇರಲಿ, ಲ್ಯಾಪ್‌ಟಾಪ್ ತೊಡೆ ಮೇಲೆ ಬೇಡ.

ಎಂಥ ಕುರ್ಚಿಯಾದರೂ ಅರ್ಧ ಗಂಟೆಗೊಮ್ಮೆ ಏಳಲೇಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ ಅಂತ ಕಣ್ಣಿನ ಡಾಕ್ಟರುಗಳು ಹೇಳುತ್ತಾರೆ. ಪಟ್ಟಣದವರು ಅದಕ್ಕೆ ಎದುರು ಮನೆಯ ಗೋಡೆ ನೋಡಬೇಕು. ನಿಮಗೆ ಅಂಗಳದಾಚೆ ತೆಂಗಿನ ಮರ ಇದೆ.

ಕರೆಂಟಿನ ವಿಷಯಕ್ಕೆ ಬರೋಣ. ನಿರಂತರ ಜ್ಯೋತಿ ಅಂತ ಪಂಪ್‌ಸೆಟ್ಟಿನ ಲೈನು, ಮನೆಗಳ ಲೈನು ಬೇರೆ ಮಾಡಿದ ಮೇಲೆ ಎಷ್ಟೋ ಊರುಗಳಲ್ಲಿ ಹಗಲು ಕರೆಂಟು ಇರುತ್ತದೆ. ಆದರೂ ಗಾಳಿ ಮಳೆಗೆ ಹೋಗುತ್ತದೆ. ಆಗ ಎಲ್ಲರೂ ಇನ್ವರ್ಟರ್ ಬೆಲೆ ಕೇಳಲು ಓಡುತ್ತಾರೆ. ನಿಧಾನಿಸಿ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ. ಕರೆಂಟು ಹೋದ ಕ್ಷಣ ಸಾಯುವುದು ವೈಫೈ ರೂಟರ್. ಅದು ತಿನ್ನುವುದು ಎಲ್‌ಇಡಿ ಬಲ್ಬಿನಷ್ಟು. ರೂಟರಿಗೆಂದೇ ಅಂಗೈಯಗಲದ ಸಣ್ಣ ಯುಪಿಎಸ್ ಬರುತ್ತದೆ, ಸಾವಿರದಿಂದ ಸಾವಿರದ ಐನೂರು. ಕೊಳ್ಳುವ ಮೊದಲು ನಿಮ್ಮ ರೂಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆ ಓದಿ, ಹೆಚ್ಚಿನವು 12 ವೋಲ್ಟಿನವು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ ಮೊದಲು ಅದನ್ನು ಬದಲಿಸಿ. ಫೋನಿನ ನೆಟ್ಟಿನಲ್ಲೇ ಕೆಲಸ ಮಾಡುವವರಿಗೆ ಇದೂ ಬೇಡ.

ಬಿಲ್ಲಿನ ಭಯ ಬೇಡ, ಲೆಕ್ಕ ಮಾಡಿ. ಲ್ಯಾಪ್‌ಟಾಪ್ 50 ವ್ಯಾಟ್ ಅಂದುಕೊಂಡರೆ ಎಂಟು ಗಂಟೆಗೆ 0.4 ಯುನಿಟ್. ಹಳೆ ಫ್ಯಾನು 75 ವ್ಯಾಟ್, ಎಂಟು ಗಂಟೆಗೆ 0.6. ಎರಡೂ ಸೇರಿ ದಿನಕ್ಕೆ ಒಂದು ಯುನಿಟ್, ತಿಂಗಳಿಗೆ 26 ದಿನ ದುಡಿದರೆ 26 ಯುನಿಟ್. ಗೃಹಜ್ಯೋತಿ ಇದ್ದವರು ನಿಮ್ಮ ಮನೆಗೆ ಎಷ್ಟು ಯುನಿಟ್ ಉಚಿತ ಅಂತ ಬಿಲ್ಲಿನಲ್ಲಿ ನೋಡಿಕೊಳ್ಳಿ. ಅದನ್ನು ಮೀರಿದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ, ಆ ಗೆರೆ ಹತ್ತಿರ ಇರುವ ಮನೆಗಳು ಮಾತ್ರ ಎಚ್ಚರ.

ಅದಕ್ಕಿಂತ ದೊಡ್ಡ ಎಚ್ಚರ ಅರ್ಥಿಂಗ್‌ದು. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ಜುಂ ಅನ್ನುತ್ತಿದ್ದರೆ ಮನೆಗೆ ಅರ್ಥಿಂಗ್ ಸರಿ ಇಲ್ಲದಿರಬಹುದು. ಮೂರು ಕಡ್ಡಿಯ ಪ್ಲಗ್ಗಿನ ಒಂದು ಕಡ್ಡಿ ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವ ಚಾಳಿ ನಮ್ಮಲ್ಲಿ ಬಹಳ. ಲೈನ್ ಕೆಲಸ ಗೊತ್ತಿದ್ದವರನ್ನು ಕರೆಸಿ ಒಮ್ಮೆ ತೋರಿಸಿ. ಮುಂಗಾರಿಗೆ ಮುಂಚಿನ ಸಿಡಿಲಿನ ಮಳೆಗಳಲ್ಲಿ ಮೋಡ ಕಂಡ ಕೂಡಲೇ ರೂಟರ್, ಚಾರ್ಜರ್ ಎರಡೂ ಪ್ಲಗ್ಗಿನಿಂದ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ಸದ್ದಿನ ಬಗ್ಗೆ ಒಂದೇ ಮಾತು. ಕೋಳಿ, ಮಿಕ್ಸರು, ಧಾರಾವಾಹಿ, ಗುಡಿಯ ಮೈಕು ಇವನ್ನು ಪೂರ್ತಿ ನಿಲ್ಲಿಸಲು ಆಗದು. ಮೈಕ್ ಇರುವ ವೈರಿನ ಇಯರ್‌ಫೋನ್ ನಾಲ್ಕುನೂರಕ್ಕೆ ಬರುತ್ತದೆ, ಬಾಯಿಯ ಹತ್ತಿರದ ಮಾತನ್ನಷ್ಟೇ ಚೆನ್ನಾಗಿ ಹಿಡಿಯುತ್ತದೆ. ಹಿಂದಿನ ಗೋಡೆಗೆ ಒಂದು ಕೌದಿ ತೂಗುಹಾಕಿ, ಕೋಣೆಯ ಗುಂಯ್ ಅನ್ನುವ ಪ್ರತಿಧ್ವನಿ ಕಡಿಮೆಯಾಗುತ್ತದೆ. ನಾವು ಧ್ವನಿ ರೆಕಾರ್ಡ್ ಮಾಡುವುದೇ ಕೌದಿಯ ಮುಂದೆ ಕೂತು. ವಿಡಿಯೊ ಕಾಲ್‌ನಲ್ಲಿ ನೋಡಿದ ಪಟ್ಟಣದವರು ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ, ಅದು ಬೇರೆ.

ಒಟ್ಟು ಎಷ್ಟಾಯಿತು? ಹಳೆ ಕುರ್ಚಿ 2,000, ಬಡಗಿಗೆ 1,500, ಕೀಲಿಮಣೆ ಮೌಸ್ 700, ರೂಟರಿನ ಯುಪಿಎಸ್ 1,300, ಎಲ್‌ಇಡಿ ಟ್ಯೂಬು 250, ಇಯರ್‌ಫೋನ್ 400. ಆರು ಸಾವಿರದ ನೂರೈವತ್ತು. ಊರಿಂದ ಊರಿಗೆ ಹೆಚ್ಚುಕಡಿಮೆ ಆಗುತ್ತದೆ. ಕೈಯಲ್ಲಿ ಒಂದೂವರೆ ಸಾವಿರ ಮಾತ್ರ ಇದ್ದರೆ ಕೀಲಿಮಣೆ, ಟ್ಯೂಬು, ಇಯರ್‌ಫೋನ್ ತಗೊಂಡು ಉಳಿದದ್ದು ಮನೆಯಲ್ಲಿರುವುದರಲ್ಲೇ ಮಾಡಿ. ಮೊದಲು ಕುರ್ಚಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮತ ಕೀಲಿಮಣೆಗೆ, ಕುತ್ತಿಗೆ ಬಗ್ಗುವುದು ನಿಲ್ಲುವುದು ಅದರಿಂದ.

ಮನೆಯಲ್ಲಿ ಮೂರಡಿ ಗೋಡೆಯೂ ಸಿಗದವರು ನಿಜಕ್ಕೂ ಇದ್ದಾರೆ. ಅಂಥವರಿಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಇದೆ, ಹಳೆಯ ಹೆಸರಿನಲ್ಲಿ ಹೇಳುವುದಾದರೆ ಗ್ರಂಥಾಲಯ. ಅಲ್ಲಿ ಪರೀಕ್ಷೆಗೆ ಓದುವ ಹುಡುಗರಿಗೆ ಮೇಜು ಇದೆ. ಲ್ಯಾಪ್‌ಟಾಪ್ ತಂದು ದುಡಿಯುವವರಿಗೂ ಒಂದು ಮೇಜು, ಒಂದು ಪ್ಲಗ್ ಪಾಯಿಂಟ್ ಕೊಡಿ ಅಂತ ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಹೆಣ್ಣುಮಕ್ಕಳು ಕೇಳಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಆ ಮೇಜು ಮತ್ತೆ ಹುಡುಗರ ಪಾಲಾಗುವುದನ್ನು ತಡೆಯಬೇಕಾದವರು ಅವರೇ.

ಇನ್ನು ಕಂಪನಿಯವರ ವಿಷಯ. ನೀವು ಮನೆಯಲ್ಲಿ ಕೂತ ಕಾರಣ ಅವರಿಗೆ ಬಾಡಿಗೆ ಉಳಿಯಿತು, ಕರೆಂಟು ಉಳಿಯಿತು, ಚಹಾ ಉಳಿಯಿತು. ಸಂಬಳದ ಕೆಲಸದಲ್ಲಿ ಇರುವವರು ಕುರ್ಚಿಗೆ, ಇಂಟರ್‌ನೆಟ್ಟಿಗೆ ದುಡ್ಡು ಕೊಡುತ್ತೀರಾ ಅಂತ ಎರಡು ಸಾಲಿನ ಮೇಲ್ ಹಾಕಿ ಕೇಳಿ. ಬಿಲ್ಲು ಜೋಪಾನವಾಗಿ ಇಟ್ಟುಕೊಂಡಿರಿ. ಕೇಳಿದರೆ ಕೆಲಸ ಹೋದೀತು ಅಂತ ಹೆದರುವವರೇ ಹೆಚ್ಚು. ನಮ್ಮ ಪರಿಚಯದವರಲ್ಲಿ ಇಬ್ಬರು ಕೇಳಿದ್ದರು. ಒಬ್ಬರಿಗೆ ಇಲ್ಲ ಅಂದರು. ಇನ್ನೊಬ್ಬರಿಗೆ ಕುರ್ಚಿ ಬಂತು, ಬಸ್ಸಿನ ಮೇಲೆ ಹಗ್ಗ ಕಟ್ಟಿಸಿಕೊಂಡು, ತಾಲ್ಲೂಕು ಕೇಂದ್ರದಿಂದ ಊರಿನವರೆಗೆ.